‘ಆರಾಮ್ರಿ’ ಎಂಬ ಚಟ

ಎರಡು ತಿಂಗಳ ಹಿಂದೆ ಗಂಗಾವತಿಯಲ್ಲಿ ಒಬ್ಬ ಹೆಣ್ಣುಮಗಳು ನನ್ನ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿ, ನಾನು ಸುಳ್ಳುಗಾತಿ ಎಂದು ಕಂಡುಹಿಡಿದಳು.

ಆಕೆಯ ಹೆಸರು ಶಮೀಮ್. ಚೀನೀ ಮಸಾಜ್ ಮಾಡುತ್ತಾಳೆ. ಗಂಗಾವತಿಯಲ್ಲಿ ಚೀನೀ ಮಸಾಜೇ ಎಂದು ನಗಬೇಡಿ, ನಾನೂ ಮೊದಲು ನಕ್ಕಿದ್ದೆ. (ಗಲ್ಲಿಗೊಂದು ಗೋಬಿ ಮಂಚೂರಿ ಗಾಡಿ ಇರುವ ಊರಲ್ಲಿ ಇದೂ ಯಾಕಿರಬಾರದು?)

ನನ್ನ ಕಥೆ ಇಷ್ಟು. ಆ ಹೊತ್ತಿಗೆ ಎಂಟು ತಿಂಗಳಿಂದ ದಣಿವು. ಕೊಪ್ಪಳದಿಂದ ಬಸ್ಸು ಹತ್ತಿ ಯಲಬುರ್ಗಾ ಕಡೆಯ ನನ್ನ ಶಾಲೆ ಮುಟ್ಟುವಷ್ಟರಲ್ಲಿ ನನ್ನ ದಿನ ಮುಗಿದಿರುತ್ತಿತ್ತು. ಎಂಟು ತಾಸು ಮಲಗಿದರೂ ಮಲಗದವಳ ಹಾಗೆ ಏಳುತ್ತಿದ್ದೆ. ಬೋರ್ಡಿನ ಮೇಲೆ ನಾಲ್ಕು ಸಾಲು ಬರೆದರೆ ತೋಳು ತಾನಾಗಿ ಕೆಳಗಿಳಿಯುತ್ತಿತ್ತು. ರಕ್ತ ಪರೀಕ್ಷೆ ಆಯಿತು, ಥೈರಾಯ್ಡ್ ಆಯಿತು. ರಿಪೋರ್ಟುಗಳೆಲ್ಲ ನನಗಿಂತ ಗಟ್ಟಿಮುಟ್ಟಾಗಿದ್ದವು.

ರಿಪೋರ್ಟ್ ನಾರ್ಮಲ್ ಬಂದವರಿಗೆ ದಣಿಯುವ ಹಕ್ಕೆಲ್ಲಿದೆ? ಒಂದು ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನನ್ನ ಬಗ್ಗೆ ಆಡಿದ ಒಂದು ಮಾತು ಕಿವಿಗೆ ಬಿತ್ತು. ಮೈಗಳ್ಳಿ.

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಇರಬಹುದೇನೋ ಅನ್ನಿಸಿತು. ಇಪ್ಪತ್ತು ವರ್ಷ ದುಡಿದವಳಿಗೆ ತಾನು ರೋಗಿಯೋ ಮೈಗಳ್ಳಿಯೋ ಎಂದೇ ತಿಳಿಯದೆ ಹೋಗುವುದಿದೆಯಲ್ಲ, ಅದು ದಣಿವಿಗಿಂತ ಕೆಟ್ಟದ್ದು. ನೌಕರಿ ಬಿಡುವ ಅರ್ಜಿಯನ್ನೂ ಬರೆದು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ.

ಆಗ ಗಂಗಾವತಿಯ ನನ್ನ ನಾದಿನಿ ಕೈಹಿಡಿದು ಶಮೀಮಳ ಮನೆಗೆ ಎಳೆದೊಯ್ದಳು. ಮನೆಯ ಹಿಂದಿನ ಒಂದು ಕೋಣೆ. ಹೆಂಗಸರಿಗೆ ಮಾತ್ರ. ಗೋಡೆಯ ಮೇಲೆ ಮೈತುಂಬ ಚುಕ್ಕಿಗಳಿರುವ ಮನುಷ್ಯನ ಚಿತ್ರ, ಸುತ್ತ ಚೀನೀ ಅಕ್ಷರ. ಹೈದರಾಬಾದಿನಲ್ಲಿ ಕೆಲಸಕ್ಕಿದ್ದಾಗ ಕಲಿತಳಂತೆ. ಎಣ್ಣೆ ಇಲ್ಲ. ಬಟ್ಟೆಯ ಮೇಲೇ ಒತ್ತುತ್ತಾಳೆ. ಈ ವಿದ್ಯೆಯ ಹೆಸರು ಟುಯಿ ನಾ. ಟುಯಿ ಅಂದರೆ ನೂಕುವುದು, ನಾ ಅಂದರೆ ಹಿಡಿಯುವುದು ಎಂದು ವಿವರಿಸಿದಳು.

ಮೊಣಕಾಲ ಚಿಪ್ಪಿನ ಕೆಳಗೆ ನಾಲ್ಕು ಬೆರಳು ಅಳೆದು ಅಲ್ಲೊಂದು ಜಾಗ ಹಿಡಿದಳು. ಹಿಂದೆ ಚೀನಾದ ದಾರಿಹೋಕರು ದಣಿದಾಗ ಇಲ್ಲಿ ಒತ್ತಿಕೊಂಡು ಇನ್ನೂ ಮೂರು ಹರದಾರಿ ನಡೆಯುತ್ತಿದ್ದರಂತೆ. (ನನಗೆ ಬಸ್ ಸ್ಟಾಪಿನಿಂದ ಶಾಲೆಯ ಗೇಟಿನವರೆಗೆ ನಡೆದರೆ ಸಾಕಿತ್ತು.) ಒತ್ತಿ, ಹೇಗನ್ನಿಸುತ್ತದೆ ಎಂದು ಕೇಳಿದಳು. ಆರಾಮ್ರಿ, ಅಂದೆ. ಹೆಗಲು ಒತ್ತಿದಳು. ಆರಾಮ್ರಿ. ಕತ್ತು? ಅದೂ ಆರಾಮ್ರಿ.

ಶಮೀಮ್ ಎರಡೂ ಕೈ ತೆಗೆದಳು.

“ಅಕ್ಕೋರ, ನಾ ಒತ್ತಿದ ಕೂಡ್ಲೇ ಕಾಲ ಬಿಗಿ ಮಾಡ್ತೀರಿ, ಹಲ್ಲ ಕಡೀತೀರಿ. ಬಾಯಿ ಮಾತ್ರ ಆರಾಮ್ರಿ ಅಂತೈತಿ. ನಾ ಯಾರನ್ನ ನಂಬ್ಲಿ?”

ಇನ್ನು ಆ ಕೋಣೆಯಲ್ಲಿ ಆ ಮಾತು ಆಡುವಂತಿಲ್ಲ ಎಂದು ಆಜ್ಞೆಯಾಯಿತು. ಎಷ್ಟು ಕಷ್ಟ ಅಂತೀರಿ! ಆ ಒಂದು ಮಾತು ತೆಗೆದರೆ ನನ್ನ ಬಾಯಲ್ಲಿ ಬೇರೆ ಮಾತೇ ಇಲ್ಲ. ಒಂದೊಂದೇ ಹುಡುಕಿ ಹೇಳಿದೆ. ಇಲ್ಲಿ ಭಾರ. ಇಲ್ಲಿ ಜೋಮು. ಇಲ್ಲಿ ಮುಟ್ಟಿದರೆ ಅಳು ಬರುತ್ತದೆ.

ಅಷ್ಟನ್ನೂ ಕೇಳಿಸಿಕೊಂಡು, ಇದನ್ನೆಲ್ಲ ಡಾಕ್ಟರಿಗೆ ಹೇಳಿದ್ದೀರಾ ಎಂದು ಕೇಳಿದಳು. ಹೇಳಿರಲಿಲ್ಲ.

ಡಾಕ್ಟರ ಹತ್ತಿರ ಪ್ರತಿ ಸಲವೂ ನಡೆದದ್ದು ಇಷ್ಟೇ. ಹೊರಗೆ ಉದ್ದ ಪಾಳಿ. ಡಾಕ್ಟರು ತಲೆ ಎತ್ತದೆ, “ಈಗ ಆರಾಮ್ರಿ?” ಎನ್ನುತ್ತಾರೆ. ನಾನು “ಆರಾಮ್ರಿ” ಎನ್ನುತ್ತೇನೆ. ಅವರು ಬರೆದುಕೊಳ್ಳುತ್ತಾರೆ. ಶಮೀಮಳ ಕೋಣೆಯಲ್ಲೇ ಬ್ಯಾಗಿನಿಂದ ಫೈಲ್ ತೆಗೆದು ನೋಡಿದೆ. ಮೂರು ಭೇಟಿ, ಮೂರೂ ಸಲ ಒಂದೇ ಶಬ್ದ: ಇಂಪ್ರೂವ್ಡ್. ಬರೆದವರು ಅವರು, ಬರೆಸಿದವಳು ನಾನು.

ತಪ್ಪು ಯಾರದು? ನಮ್ಮ ಕಡೆ ಆರಾಮ್ರಿ ಅನ್ನುವುದು ಪ್ರಶ್ನೆಯೂ ಅಲ್ಲ, ಉತ್ತರವೂ ಅಲ್ಲ. ನಮಸ್ಕಾರ ಅಷ್ಟೇ. ಕುಷ್ಟಗಿಯ ನಮ್ಮ ಚಿಕ್ಕಪ್ಪ ಆಸ್ಪತ್ರೆಯಲ್ಲಿ ಸಲೈನ್ ಹಾಕಿಸಿಕೊಂಡು ಮಲಗಿದ್ದಾಗ ನೋಡಲು ಹೋದವರಿಗೆಲ್ಲ ಆರಾಮ್ರಿ ಅಂದಿದ್ದ. ಬೆಂಗಳೂರಿನವರು ಚೆನ್ನಾಗಿದ್ದೀರಾ ಅಂದರೆ ನಾವು ಒಂದು ಕ್ಷಣ ಯೋಚಿಸಿಯಾದರೂ ಉತ್ತರ ಕೊಡುತ್ತೇವೆ. ನಮ್ಮದೇ ಮಾತಿಗೆ ಅಷ್ಟೂ ಇಲ್ಲ.

ಆ ದಿನ ಮೈ ಹಗುರಾಯಿತು, ನಿಜ. ಮೂರನೇ ದಿನಕ್ಕೆ ದಣಿವು ವಾಪಸ್ ಬಂತು, ಅದೂ ನಿಜ. ಶಮೀಮ್ ಮೊದಲೇ ಹೇಳಿದ್ದಳು: “ನಾ ಹಗುರ ಮಾಡ್ತೀನ್ರಿ, ಗುಣ ಮಾಡಂಗಿಲ್ಲ. ಡಾಕ್ಟರ್ ಕಡೆ ಹೋಗಿ ಖರೇ ಹೇಳ್ರಿ.”

ಹೋದೆ. ಮತ್ತೆ ಅದೇ ಪಾಳಿ, ಅದೇ ಬಗ್ಗಿದ ತಲೆ, ಅದೇ “ಆರಾಮ್ರಿ?” ನಾಲಿಗೆ ಹೊರಟೇಬಿಟ್ಟಿತ್ತು. ಹಿಡಿದು ನಿಲ್ಲಿಸಿದೆ.

“ಇಲ್ರಿ ಸರ್. ಎಂಟು ತಿಂಗಳಾತು, ಒಂದ ದಿನಾನೂ ಆರಾಮಿಲ್ಲ.”

ಪೆನ್ನು ನಿಂತಿತು. ಡಾಕ್ಟರು ಮೊದಲ ಸಲ ನನ್ನ ಮುಖ ನೋಡಿದರು. ಫೈಲಿನ ಹಿಂದಿನ ಹಾಳೆಗಳನ್ನು ತಿರುವಿದರು. ನಿದ್ದೆ, ಊಟ, ಮನಸ್ಸು, ಎಷ್ಟು ಕೆಲಸ ಮಾಡಿದರೆ ಎಷ್ಟು ದಿನ ಹಾಸಿಗೆ ಹಿಡಿಯುತ್ತೇನೆ, ಎಲ್ಲ ಕೇಳಿದರು. ಇನ್ನೂ ಕೆಲವು ಪರೀಕ್ಷೆ ಬರೆದರು. ಅವೂ ಮುಗಿದ ಮೇಲೆ ಹೇಳಿದರು: “ಇದು ಖರೇ ಜಡ್ಡು ಐತ್ರಿ ಮೇಡಂ. ಈ ರಿಪೋರ್ಟಿನ್ಯಾಗ ಕಾಣಂಗಿಲ್ಲ, ಅಷ್ಟ.”

ಡಾಕ್ಟರ ಮುಂದಿನ ಸ್ಟೂಲಿನ ಮೇಲೇ ಕುಳಿತು ಅತ್ತೆ. ರೋಗ ಇದೆ ಅಂದರೆ ಯಾರಿಗಾದರೂ ಇಷ್ಟು ಸಂತೋಷವಾಗುತ್ತದೆಯೇ? ನನಗಾಯಿತು.

ಗುಣವಾಗಿಲ್ಲ. ಇದ್ದ ಶಕ್ತಿಯನ್ನು ನೋಡಿಕೊಂಡು ಬಳಸುವುದನ್ನು ಕಲಿಯುತ್ತಿದ್ದೇನೆ. ನೌಕರಿ ಬಿಡುವ ಅರ್ಜಿ ಹರಿದು ರಜೆಯ ಅರ್ಜಿ ಬರೆದೆ. ಮೈಗಳ್ಳಿ ಅಂದವರ ಕೈಗೂ ಡಾಕ್ಟರ ಚೀಟಿ ಕೊಟ್ಟು ಓದಿಸಿದೆ. (ಸ್ವಲ್ಪ ಜೋರಾಗಿಯೇ ಓದಲು ಹೇಳಿದೆ, ಒಪ್ಪಿಕೊಳ್ಳುತ್ತೇನೆ.)

ಮೊನ್ನೆ ಇದನ್ನೆಲ್ಲ ಹೇಳಲು ಶಮೀಮಳ ಮನೆಗೆ ಹೋದೆ. ಬಾಗಿಲಲ್ಲೇ ಕೇಳಿದೆ, ಆರಾಮ ಅದೀಯೇನವಾ ಎಂದು. “ಆರಾಮ್ರಿ” ಅಂದಳು. ಬಲಗೈ ಮಣಿಕಟ್ಟಿಗೆ ಬ್ಯಾಂಡೇಜ್ ಇತ್ತು. ನಾನು ಬ್ಯಾಂಡೇಜ್ ನೋಡಿದೆ. ಆಕೆಯೂ ನೋಡಿಕೊಂಡಳು, ನಕ್ಕಳು. ಆಮೇಲೆ ನಗು ನಿಲ್ಲಿಸಿ, ಎರಡು ವಾರದಿಂದ ಹಿಟ್ಟು ನಾದಲೂ ಆಗುತ್ತಿಲ್ಲ, ಈ ಕೈ ಹೋದರೆ ಮುಂದೇನು ಎಂದು ಗೊತ್ತಿಲ್ಲ ಎಂದಳು. ಈ ಸಲ ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ನಾನು.

ಆದ್ದರಿಂದ ಓದುಗರಲ್ಲಿ ಒಂದು ಮನವಿ. ಬಸ್‌ ಸ್ಟ್ಯಾಂಡಿನಲ್ಲಿ ನಾನು ಸಿಕ್ಕರೆ ‘ಆರಾಮ್ರಿ?’ ಎಂದು ಖಂಡಿತ ಕೇಳಿ. ಆದರೆ ನಿಮ್ಮ ಬಸ್ಸಿಗೆ ಇನ್ನೂ ಅರ್ಧ ತಾಸು ಇದ್ದರೆ ಮಾತ್ರ.