ಕಟಿಂಗ್ ಮಾಸ್ಟರ್ ಹೇಳಿಕೊಟ್ಟ ಇನ್‌ಸ್ಟಾಲೇಷನ್

ಅವರ ಬಲಗೈ ತೋರುಬೆರಳಿನ ಉಗುರು ಸದಾ ನೀಲಿಯಾಗಿರುತ್ತಿತ್ತು. ರಾಯದುರ್ಗದ ನಮ್ಮ ಜೀನ್ಸ್ ಯೂನಿಟ್ಟಿನ ಕಟಿಂಗ್ ಮಾಸ್ಟರ್ ಅವರು. ಮೂವತ್ತು ವರ್ಷ ಬಟ್ಟೆ ಸವರಿ ಹತ್ತಿದ ಬಣ್ಣ, ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ. ಊಟಕ್ಕೆ ಕೂತಾಗ ಯಾರಾದರೂ ಚೇಷ್ಟೆ ಮಾಡಿದರೆ, "ಅನ್ನಕ್ಕ ಬಣ್ಣ ಹತ್ತಲ್ಲ, ಸುಮ್ನ ಉಣ್ರಿ" ಅನ್ನುತ್ತಿದ್ದರು.

ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು ನಾನು. ಕತ್ತರಿಸಿದ ಬಟ್ಟೆಯ ಕಟ್ಟುಗಳಿಗೆ ನಂಬರಿನ ಚೀಟಿ ಪ್ರಿಂಟ್ ಮಾಡುವ ಪ್ರೋಗ್ರಾಮನ್ನು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ನಾನೇ ಬರೆದಿದ್ದೆ. ಮನೆಯಲ್ಲೇ ಹೊಲಿಯುವ ಹೆಂಗಸರು ತಮ್ಮ ಕಟ್ಟು ಎಲ್ಲಿದೆ ಅಂತ ಫೋನಿನಲ್ಲಿ ನೋಡುವಂತೆ ಮಾಡಿಯೇ ತೀರುತ್ತೇನೆಂದು ಹಟ ಹಿಡಿದೆ. ಕರೆಂಟ್ ಹೋದರೆ ನಮ್ಮ ಕಂಪ್ಯೂಟರ್ ಸತ್ತಂತೆ. ಹಾಗಾಗಿ ಸರ್ವರ್ ಸಾಕುವ ಗೊಡವೆಯೇ ಬೇಡ. ಯಾರಾದರೂ ಕೇಳಿದಾಗ ಮಾತ್ರ ಎದ್ದು ಉತ್ತರ ಕೊಡುವ ಪುಟ್ಟ ಸೇವೆಯೊಂದು ಕ್ಲೌಡ್‌ನಲ್ಲಿದ್ದರೆ ಸಾಕು. ಅಂಥ ಸೇವೆ ಕಟ್ಟಲು ತಕ್ಕ ಸಿದ್ಧ ಚೌಕಟ್ಟು, ಪೈಥಾನ್ ಫ್ರೇಮ್‌ವರ್ಕ್ ಕೂಡ ಸಿಕ್ಕಿತು. ಮಾಲೀಕರು ಶನಿವಾರದವರೆಗೆ ಸಮಯ ಕೊಟ್ಟರು: "ಆಗಲಿಲ್ಲಂದ್ರ ಬಳ್ಳಾರಿ ಕಂಪ್ಯೂಟರ್ ಕಂಪನಿಯವರಿಗೆ ಒಪ್ಪಿಸ್ತೀನಿ. ಚೀಟಿ ಕೆಲಸಾನೂ ಅವರೇ ನೋಡ್ಕೊಳ್ಳಲಿ." ನನ್ನ ಕೆಲಸ ಹೋಗುತ್ತದೆ ಅನ್ನುವುದನ್ನೇ ಮರ್ಯಾದೆಯಾಗಿ ಹೇಳಿದ್ದರು.

ಗುರುವಾರ ಬೆಳಿಗ್ಗೆ ಫ್ರೇಮ್‌ವರ್ಕ್ ಇನ್‌ಸ್ಟಾಲ್ ಮಾಡಿದೆ. ಅದು ತನಗೆ ಬೇಕಾದ ಹೊಸ ಲೈಬ್ರರಿಗಳನ್ನು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡುಗಳನ್ನು, ಎಳೆದುಕೊಂಡು ಬಂದು ಹಳೆಯವನ್ನು ಕಿತ್ತುಹಾಕಿತು. ಆ ಹಳೆಯವನ್ನೇ ನಂಬಿದ್ದ ಚೀಟಿ ಪ್ರೋಗ್ರಾಮ್ ನಿಂತೇಹೋಯಿತು. ಚೀಟಿ ಇಲ್ಲದೆ ಕಟ್ಟು ಮುಂದೆ ಹೋಗುವಂತಿಲ್ಲ. ಹೊಲಿಗೆಯವರೆಲ್ಲ ಕೈಕಟ್ಟಿ ಕೂತರು. ನನಗೆ ಅಳು ತಡೆಯಲಾಗಲಿಲ್ಲ.

"ಯಾಕವ್ವ, ಏನಾತು?" ಎನ್ನುತ್ತ ಮಾಸ್ಟರ್ ಬಂದರು. ಹೇಳಿದೆ. ಎಷ್ಟು ಅರ್ಥವಾಯಿತೋ, ಎರಡು ತುಂಡು ಬಟ್ಟೆ ಜೋಡಿಸಿ ತೋರಿಸಿದರು. ಎರಡೂ ಒಂದೇ ನೀಲಿ. ಬಾಗಿಲ ಬಿಸಿಲಿಗೆ ಒಯ್ದರೆ ಒಂದು ಮಾಸಲು, ಇನ್ನೊಂದು ಕಡು.

"ಇವು ಬ್ಯಾರೆ ಬ್ಯಾರೆ ರೋಲು. ಕೂಡಿಸಿ ಹೊಲಿದ್ರ ಪ್ಯಾಂಟಿನ ಒಂದೊಂದು ಕಾಲು ಒಂದೊಂದು ಬಣ್ಣ. ಅದಕ್ಕ ಒಂದರ ತುಂಡು ಇನ್ನೊಂದರಾಗ ಬೀಳಾಕ ಬಿಡಲ್ಲ, ರೋಲಿಗೊಂದು ನಂಬರು ಬರೀತೀನಿ. ನೀನು ಎಲ್ಲಾ ಒಂದೇ ಮೂಟ್ಯಾಗ ತುಂಬೀಯಲ್ಲ?"

ನಾಚಿಕೆಯಾಯಿತು. ಹೊಸ ಕೆಲಸಕ್ಕೆ ಬೇರೆಯೇ ಎನ್ವಿರಾನ್‌ಮೆಂಟ್, ಅಂದರೆ ಒಂದರ ಲೈಬ್ರರಿ ಇನ್ನೊಂದಕ್ಕೆ ತಾಗದಂಥ ಪ್ರತ್ಯೇಕ ಜಾಗ, ಮಾಡಿಕೊಳ್ಳಬೇಕೆಂದು ಸೂಚನೆಯ ಮೊದಲ ಸಾಲಿನಲ್ಲೇ ಇತ್ತು. ಅವಸರದಲ್ಲಿ ಅದನ್ನೇ ಹಾರಿಸಿದ್ದೆ.

"ಚೀಟಿ ನಾನು ಕೈಯಾಗ ಬರೀತೀನಿ. ನೀ ಅದನ್ನ ಬಿಚ್ಚಿ ಮತ್ತ ಹೊಲಿ" ಎಂದು ಪೆನ್ನು ಹಿಡಿದು ಕೂತವರು ಸಂಜೆಯವರೆಗೂ ಏಳಲಿಲ್ಲ. ಮಾಲೀಕರು ಬಂದು ಯಾಕೆ ತಡ ಅಂತ ಕೇಳಿದಾಗ, ತಲೆ ಎತ್ತದೆ, "ನನ್ನ ಕಟಿಂಗ್ ತಡ ಆತ್ರಿ" ಎಂದರು.

ಹಳೆಯ ಚೀಟಿ ಪ್ರೋಗ್ರಾಮಿಗೊಂದು, ಹೊಸ ಸೇವೆಗೊಂದು ಎನ್ವಿರಾನ್‌ಮೆಂಟ್ ಮಾಡಿ, ಲೈಬ್ರರಿಗಳ ವರ್ಷನ್ ನಂಬರುಗಳನ್ನು ಒಂದು ಫೈಲಿನಲ್ಲಿ ಬರೆದಿಟ್ಟೆ. ಚೀಟಿ ಮತ್ತೆ ಪ್ರಿಂಟ್ ಆಗತೊಡಗಿತು. ಹೊಸದರಲ್ಲಿ ಏನೇನೋ ಎರರ್ ಬಂದವು, ಬಿಡಲಿಲ್ಲ. ಶನಿವಾರ ಮಧ್ಯಾಹ್ನ ಸೇವೆ ಕ್ಲೌಡ್‌ಗೆ ಏರಿತು. ಬೆಳುಗುಪ್ಪದ ಹೊಲಿಗೆಯ ಅಕ್ಕ ಒಬ್ಬರು ಫೋನಿನಲ್ಲೇ ತಮ್ಮ ಕಟ್ಟನ್ನು ಹುಡುಕಿಕೊಂಡರು.

ಕಳೆದ ಬೇಸಿಗೆಯಲ್ಲಿ ಮಾಸ್ಟರ್ ತೀರಿಕೊಂಡರು. ಅವರ ಮೇಲೆ ನನ್ನ ತಪ್ಪು ಉಳಿಯಬಾರದೆಂದು ಮಾಲೀಕರ ಹತ್ತಿರ ಹೋಗಿ ಎಲ್ಲ ಹೇಳಿದೆ.

"ಅವತ್ತೇ ಗೊತ್ತಿತ್ತವ್ವ" ಎಂದರು ಅವರು. "ಅವರ ಕಟಿಂಗ್ ಯಾವತ್ತು ತಡ ಆಗಿತ್ತು? ಕೆಲಸ ನಿಂತಿದ್ದಕ್ಕ ಆ ಗುರುವಾರಾನೇ ನಿನ್ನ ಬಿಡಿಸಿ ಮನೀಗೆ ಕಳಿಸೋನಿದ್ದೆ. ಅವರು ಅಡ್ಡ ಬಂದ್ರು, ಬಿಟ್ಟೆ."

ಶನಿವಾರ ಗೆದ್ದದ್ದರಿಂದಲೇ ನನ್ನ ಕೆಲಸ ಉಳಿಯಿತೆಂದು ಅಲ್ಲಿಯವರೆಗೂ ನಂಬಿದ್ದೆ.