ಯಾವ ಜಿಮ್ಮಿನ ನಲವತ್ತು?

ಮೊನ್ನೆ ದಾವಣಗೆರೆಯ ವಿದ್ಯಾನಗರದಲ್ಲಿ ಹೊಸದಾಗಿ ತೆರೆದ ಜಿಮ್ಮಿಗೆ ಸೇರಿದೆ. ಮನೆಗೆ ಬಂದು ಕಾಫಿ ಲೋಟ ತುಟಿಗಿಡುವಾಗ ಅಂಗೈಯಿಂದ ಕಬ್ಬಿಣದ ವಾಸನೆ ಬಂತು. ಸೋಪು ಹಾಕಿ ತೊಳೆದರೂ ಹೋಗದ ಈ ವಾಸನೆ ನಿಮಗೂ ಗೊತ್ತಿದ್ದರೆ, ನೀವೂ ನನ್ನ ಹಾಗೆ ಐವತ್ತರ ಮೇಲೆ ಬುದ್ಧಿ ಬಂದವರೇ ಇರಬೇಕು. ನನಗಂತೂ ಅದರಿಂದ ಹರಿಹರದ ಅಕ್ಕ ನೆನಪಾಗುತ್ತಾಳೆ.

ಅಕ್ಕ ಜೋಳದ ರೊಟ್ಟಿ ಬಡಿದು ಮಾರುವವಳು. ಬೆಳಗಾದರೆ ಅವಳು ರೊಟ್ಟಿ ಬಡಿಯುವ ಸದ್ದು ಓಣಿಯ ತುದಿಗೂ ಕೇಳುತ್ತಿತ್ತು. ಕೆಲವು ವರ್ಷಗಳ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಪಟ್ಟಿ ಬಿಚ್ಚಿದ ಎಷ್ಟೋ ದಿನಗಳ ಮೇಲೆ ಡಾಕ್ಟರು, ಕೈಗೆ ಬಲ ಬರಬೇಕಾದರೆ ಜಿಮ್ಮಿಗೆ ಹೋಗಿ ಎಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟೇಬಿಟ್ಟಳು. ಅಲ್ಲೊಂದು ಯಂತ್ರ, ತಲೆಯ ಮೇಲಿನ ಸರಳನ್ನು ಕೆಳಗೆಳೆದರೆ ಎದುರಿನ ಕಬ್ಬಿಣದ ಬಿಲ್ಲೆಗಳು ಮೇಲೇರುತ್ತವೆ. ಅಂಥದೇ ಯಂತ್ರ ದಾವಣಗೆರೆಯ ನನ್ನ ಹಳೆಯ ಜಿಮ್ಮಿನಲ್ಲೂ ಇತ್ತು.

"ನೀನು ಎಷ್ಟು ಎಳೀತಿಯೋ?" ಎಂದು ಫೋನಿನಲ್ಲಿ ಕೇಳಿದಳು.

"ನಲವತ್ತು ಕಿಲೋ" ಎಂದೆ. ಫೋನಿನಲ್ಲಿ ಕಾಣುವುದಿಲ್ಲವೆಂದು ಗೊತ್ತಿದ್ದೂ ಎದೆ ಉಬ್ಬಿಸಿದೆ.

"ನಾನು ಹತ್ತು ಎಳ್ಯಾಕೇ ಒದ್ದಾಡ್ತೀನಿ. ಸಣ್ಣಾಕಿದ್ದಾಗ ನೀನು ಹೊರಲಾರದ ಕೊಡ ನಾನು ಹೊರ್ತಿದ್ದೆ. ಈ ಕೈ ಮುಗೀತು ಬಿಡೋ ತಮ್ಮಾ. ರೊಟ್ಟಿ ಹೆಂಚು ಪಕ್ಕದ ಮನೆಯಾಕಿಗೆ ಕೊಡ್ತೀನಿ ಅಂದೀನಿ."

ಅಕ್ಕ ಹೆಂಚು ಕೊಡುವುದೆಂದರೆ ನನಗೆ ಹೆದರಿಕೆಯೇ ಆಯಿತು. ರೊಟ್ಟಿ ಬಡಿಯದ ಅಕ್ಕನನ್ನು ನಾನು ಕಂಡೇ ಇರಲಿಲ್ಲ. ಭಾನುವಾರ ಹರಿಹರಕ್ಕೆ ಹೋಗಿ, ಹುರುಪು ತುಂಬೋಣವೆಂದು ಅವಳ ಜಿಮ್ಮಿನಲ್ಲೇ ನಲವತ್ತಕ್ಕೆ ಕೂತೆ. ಬಿಲ್ಲೆಗಳು ಜಪ್ಪಯ್ಯ ಅನ್ನಲಿಲ್ಲ. ಮೂವತ್ತಕ್ಕೂ ಅದೇ ಕತೆ. ಇಪ್ಪತ್ತು ಎಳೆಯುವಷ್ಟರಲ್ಲಿ ಮುಖ ಬದನೆಕಾಯಿಯಾಯಿತು.

"ಆರಾಮ ಅದೀಯಿಲ್ಲೋ?" ಎಂದಳು ಅಕ್ಕ, ಗಾಬರಿಯಿಂದ.

ಬಸ್ಸಿನಲ್ಲಿ ವಾಪಸು ಬರುವಾಗ ತಲೆಗೆ ಹುಳ ಹೊಕ್ಕಿತು. ಬೆಳಗ್ಗೆ ತಿಂದ ಬೆಣ್ಣೆ ದೋಸೆಯ ಕಾರುಬಾರೇ? ಹೊಳೆದಂಡೆಯ ಗಾಳಿಗೆ ಕಬ್ಬಿಣ ಭಾರವಾಗುತ್ತದೆಯೇ? ಅಕ್ಕನೆದುರು ನನ್ನ ಕೈ ಚಿಕ್ಕಂದಿನಂತೆ ಸೋಲುತ್ತದೆಯೇ? ನಮ್ಮ ಜಿಮ್ಮಿನ ತರಬೇತುದಾರನನ್ನು ಕೇಳಿದರೆ, "ನಮ್ದು ಕರೆಕ್ಟ್ ಐತ್ರಿ ಸಾರ್, ಹರಿಹರದ್ದೇ ಹೆಂಗೈತೋ" ಎಂದ. ಹರಿಹರದವನು ಇದನ್ನೇ ತಿರುಗಿಸಿ ಹೇಳಿದ.

ಕೊನೆಗೆ ಮನೆಯಲ್ಲಿದ್ದ ಇಪ್ಪತ್ತೈದು ಕಿಲೋ ಅಕ್ಕಿ ಚೀಲವನ್ನು ಸ್ಕೂಟರಿಗೇರಿಸಿದೆ. ಅಕ್ಕಿಗೆ ಜಂಬವಿಲ್ಲ, ಅಕ್ಕನ ಮುಂದೆ ಮುಜುಗರವೂ ಇಲ್ಲ. ದಾವಣಗೆರೆಯಲ್ಲಿ ತರಬೇತುದಾರನೂ ನಾನೂ ಸರಳಿಗೆ ಚೀಲ ತೂಗುಹಾಕಿದೆವು. ನಲವತ್ತರ ಬಿಲ್ಲೆಗಳು ಸರ್ರನೆ ಮೇಲೇರಿದವು. ಹುಡುಗರೆಲ್ಲ ಕೈಲಿದ್ದದ್ದು ಬಿಟ್ಟು ಬಂದು ನಿಂತರು. ಬಗ್ಗಿ ನೋಡಿದರೆ, ಬಿಲ್ಲೆಗಳ ಮೇಲೊಂದು ಹೆಚ್ಚಿನ ರಾಟೆ ಕೂತು ಅರ್ಧ ಭಾರವನ್ನು ತಾನೇ ಹೊರುತ್ತಿತ್ತು. ನನ್ನ ನಲವತ್ತು ಅಲ್ಲಿಗೆ ಇಪ್ಪತ್ತಾಯಿತು.

ಅದೇ ಚೀಲವನ್ನು ಹರಿಹರದಲ್ಲಿ ತೂಗುಹಾಕಿದರೆ ಇಪ್ಪತ್ತು ಕೂಡ ಅಲ್ಲಾಡಲಿಲ್ಲ. ಒಂದೇ ರಾಟೆ, ಅದೂ ಎಣ್ಣೆ ಕಂಡು ಎಷ್ಟು ಕಾಲವಾಗಿತ್ತೋ.

"ಹಂಗಾರೆ ನನ್ನ ಹತ್ತು?" ಅಕ್ಕ ಕೇಳಿದಳು.

"ಹತ್ತಕ್ಕಿಂತ ಜಾಸ್ತಿನೇ ಐತಕ್ಕ. ಎಣ್ಣೆ ಇಲ್ಲದ ರಾಟೆ ಸೇರಿ ಹದಿನೈದಾದ್ರೂ ಆಗ್ತೈತಿ, ನಮ್ಮ ಕಡೆ ಅದಕ್ಕೆ ಮೂವತ್ತು ಅಂತಾರೆ."

ಅವಳು ನಂಬಲಿಲ್ಲ. ತಮ್ಮ ಸಮಾಧಾನಕ್ಕೆ ಹೇಳುತ್ತಾನೆ ಎಂಬಂತೆ ನಕ್ಕಳು. ಜಿಮ್ಮು ಇದ್ದದ್ದು ಮಹಡಿಯ ಮೇಲೆ, ಚೀಲವನ್ನು ಕೆಳಗಿಳಿಸಬೇಕಿತ್ತು. ಚೀಲದ ಒಂದು ತುದಿ ನಾನು ಹಿಡಿದೆ, ಇನ್ನೊಂದನ್ನು ಅವಳು ಹಿಡಿದಳು. ಬೇಡವೆಂದರೂ ಬಿಡಲಿಲ್ಲ. ಅರ್ಧ ಮೆಟ್ಟಿಲಿಗೆ ನನಗೆ ಏದುಸಿರು ಹತ್ತಿತು, ನಿಂತೆ.

"ಯಾಕ ನಿಂತ್ಯೋ? ನಡಿ, ಜನ ಬರ್ತಾರ" ಎಂದಳು.

ನೋಡಿದರೆ, ಅವಳು ಚೀಲ ಹಿಡಿದಿದ್ದದ್ದು ಬಲಗೈಯಲ್ಲಿ. ಎಡಗೈ ಗೋಡೆಯ ಮೇಲಿತ್ತು. ನಾನು ನೋಡಿದ್ದನ್ನು ಅವಳೂ ನೋಡಿದಳು. ನಾನು ಮತ್ತೆ ಚೀಲ ಎತ್ತಿದೆ. ಸ್ಕೂಟರಿನ ಹತ್ತಿರ ಬಂದ ಮೇಲೆ ಅಕ್ಕ ಅಂದಳು: "ಪಕ್ಕದಾಕಿ ಹೆಂಚು ಒಯ್ಯೋದ್ರಾಗ ಮನಿಗೆ ಹೋಗ್ಬೇಕು. ಲಗೂನ ಹತ್ತು."

ಈಗಲೂ ಅವಳ ರೊಟ್ಟಿ ವಾರಕ್ಕೊಮ್ಮೆ ನಮ್ಮ ಮನೆಗೆ ಬರುತ್ತದೆ. ಯಾರಾದರೂ ಎಷ್ಟು ಕಿಲೋ ಎಳೆಯುತ್ತೀರಿ ಎಂದರೆ, ಯಾವ ಜಿಮ್ಮಿನಲ್ಲಿ ಎಂದು ನಾನು ಕೇಳುತ್ತೇನೆ. ಇವತ್ತು ಈ ಹೊಸ ಜಿಮ್ಮಿನಲ್ಲಿ ಮೂವತ್ತೈದು ಎಳೆದಿದ್ದೇನೆ, ಖುಷಿಪಡಲು ಮಾತ್ರ ಧೈರ್ಯವಾಗುತ್ತಿಲ್ಲ. ಭಾನುವಾರ ಅಕ್ಕ ಬರುತ್ತಾಳೆ, ಮೊದಲು ಅವಳನ್ನು ಕೂರಿಸಿ ಎಳೆಸುತ್ತೇನೆ. ನನಗಿಂತ ಅವಳು ಹೆಚ್ಚು ಎಳೆದರೆ ಯಂತ್ರ ಸರಿಯಾಗಿದೆ ಎಂದರ್ಥ.