ಬೀಗದಕೈ ಗೊಂಚಲಿನ ನಾಲ್ಕು ಊರುಗಳು

ನಮ್ಮ ಮನೆಯಲ್ಲಿ ಬೀಗಗಳಿಗಿಂತ ಬೀಗದಕೈಗಳೇ ಹೆಚ್ಚು. ಚನ್ನಗಿರಿ, ನ್ಯಾಮತಿ, ಜಗಳೂರು, ಕೊನೆಗೆ ಹೊನ್ನಾಳಿ ಎಂದು ಕಂಪ್ಯೂಟರ್ ಮೇಷ್ಟ್ರಾಗಿ ವರ್ಗವಾದಲ್ಲೆಲ್ಲ ಬಾಡಿಗೆ ಮನೆಗೆ ನಮ್ಮದೇ ಬೀಗ ಜಡಿಯುತ್ತಿದ್ದೆವು; ಬೀಗಗಳು ತುಕ್ಕು ಹಿಡಿದು ಗುಜರಿ ಸೇರಿದರೂ ಅವುಗಳ ಕೈಗಳು ಮಾತ್ರ, ನಿವೃತ್ತನಾಗಿ ಹೊನ್ನಾಳಿಯಲ್ಲೇ ನೆಲೆಸಿದ ಮೇಲೂ, ನನ್ನ ಸೊಂಟ ಬಿಟ್ಟಿಲ್ಲ. "ಯಾವ ಬಾಗಿಲೂ ತೆರೆಯದ ಈ ಭಾರ ಯಾಕ್ರೀ ಹೊರ್ತೀರಿ?" ಎಂದು ಹೆಂಡತಿ ಕೇಳಿದಾಗಲೆಲ್ಲ ನಾನು ಋಷಿಸದೃಶ ಮೌನ ತಾಳುತ್ತೇನೆ. ಅದೇ ಗೊಂಚಲಿನಲ್ಲಿ, ಮುಚ್ಚಳ ಕಳೆದುಕೊಂಡ ಪೆನ್‌ಡ್ರೈವ್ ಒಂದೂ ನೇತಾಡುತ್ತಿದೆ.

ಇದು ಬರೀ ಫೋಟೊ ತುಂಬಿಕೊಳ್ಳುವ ಪೆನ್‌ಡ್ರೈವ್ ಅಲ್ಲ ಸ್ವಾಮಿ. ಕಂಪ್ಯೂಟರಿನ ಸ್ವಂತ ವ್ಯವಸ್ಥೆ ಕೆಟ್ಟು ಅದು ಏಳಲಾರದೆ ಮಲಗಿದಾಗ ಇದನ್ನು ಸಿಕ್ಕಿಸಿದರೆ, ಇದರೊಳಗಿನ ಲಿನಕ್ಸ್ ಎಂಬ ಬದಲಿ ವ್ಯವಸ್ಥೆ ಅದನ್ನು ತಟ್ಟಿ ಎಬ್ಬಿಸುತ್ತದೆ. ಮಾಡುವ ವಿಧಾನವೇನೂ ಬ್ರಹ್ಮವಿದ್ಯೆಯಲ್ಲ: ಪೆನ್‌ಡ್ರೈವನ್ನು ಪೂರ್ತಿ ಅಳಿಸಿ, ಬಾಗಿಲು ಕಾಯಲು ಒಂದು ಪುಟ್ಟ ತಂತ್ರಾಂಶವನ್ನು ಕೂರಿಸಿ, ಬೇಕಾದಷ್ಟು ಬಗೆಯ ಲಿನಕ್ಸ್‌ಗಳನ್ನು ಒಳಗೆ ನಕಲಿಸಿದರೆ, ಕಂಪ್ಯೂಟರ್ ಹಚ್ಚಿದೊಡನೆ 'ಯಾರನ್ನು ಕರೆಯಲಿ?' ಎಂಬಂತೆ ಎಲ್ಲರ ಹೆಸರುಗಳೂ ಪರದೆಯ ಮೇಲೆ ಸಾಲುಗಟ್ಟುತ್ತವೆ. ಅವುಗಳ ಪರದೇಶಿ ಹೆಸರು ನನ್ನ ನಾಲಿಗೆಗೆ ಒಗ್ಗದ್ದರಿಂದ, ನಾನು ಅನ್ನ ತಿಂದ ಊರುಗಳ ಹೆಸರನ್ನೇ ಇಟ್ಟೆ. ಸಕಲಾಲಂಕಾರಭೂಷಿತವಾದ ಭಾರೀ ಲಿನಕ್ಸ್ ಚನ್ನಗಿರಿ; ದಿನಬಳಕೆಯದು ಹೊನ್ನಾಳಿ; ತೀರಾ ಹೊಸದು, ಹೊಸ ತಾಲ್ಲೂಕಿನ ಗೌರವಾರ್ಥ, ನ್ಯಾಮತಿ. ಅತಿ ಹಳೆಯದು, ಇಷ್ಟೇ ಇಷ್ಟು ಮೆಮೊರಿಯಲ್ಲಿ ಸಂಸಾರ ತೂಗಿಸುವಂಥದ್ದು, ಜಗಳೂರು. ಅದನ್ನು ಅಳಿಸಿಬಿಡೋಣವೆಂದು ಎಷ್ಟೋ ಸಲ ಅಂದುಕೊಂಡಿದ್ದರೂ, ಬೀಗದಕೈ ಎಸೆಯಲಾರದ ಜಾಯಮಾನ ಅಡ್ಡ ಬಂದಿತ್ತು.

ಹೋದ ಬೇಸಿಗೆ ಜಗಳೂರಿನಿಂದ ಗಿರಿಜಕ್ಕನ ಫೋನು ಬಂತು. ಅವಳ ಮೊಮ್ಮಗಳ ಮದುವೆ; ಅರಿಶಿನ ಕುಟ್ಟುವ ಶಾಸ್ತ್ರಕ್ಕೆ ನಮ್ಮ ಅವ್ವನ ಹಾಡೇ ಆಗಬೇಕು. ಅವ್ವ ಹೋಗಿ ಬಹಳ ವರ್ಷಗಳಾದವು. ಆದರೆ ಬಾವ ಕಂಪ್ಯೂಟರ್ ಕೊಂಡ ಹೊಸ ಹುರುಪಿನಲ್ಲಿ ಅತ್ತೆಯಾದ ಅವ್ವನ ಮುಂದೆ ಮೈಕು ಹಿಡಿದು ಅವಳ ಹಾಡೊಂದನ್ನು ಮುದ್ರಿಸಿಕೊಂಡಿದ್ದರು. ಅವ್ವನ ದನಿ ಅಂತ ಭೂಮಿಯ ಮೇಲೆ ಉಳಿದಿದ್ದರೆ ಅದೊಂದರಲ್ಲೇ, ಆ ಕಂಪ್ಯೂಟರೋ ಈಗ ಏಳುತ್ತಿಲ್ಲ. "ಅಂಗಡಿಯೋರು ಎಲ್ಲಾ ಅಳಿಸಿ ಹೊಸದಾಗಿ ಹಾಕ್ತೀವಿ ಅಂತಾರೆ. ಅವ್ವನ್ನ ಅಳಸಾಕೆ ಆಗ್ತೈತೇನೋ ತಮ್ಮಾ?" ಎಂದಳು ಅಕ್ಕ. ನಾನು ಗೊಂಚಲು ಸೊಂಟಕ್ಕೆ ಸಿಕ್ಕಿಸಿ ಬಸ್ಸು ಹತ್ತಿದೆ.

ಶಾಸ್ತ್ರ ಮರುದಿನವೇ. ಬಾವನ ಕಂಪ್ಯೂಟರು ಪಡಸಾಲೆಯ ಗೋಡೆಗೆ ಬೆನ್ನು ಕೊಟ್ಟು, ಹಣೆಗೆ ವಿಭೂತಿ ಧರಿಸಿ ಕೂತಿತ್ತು. ಮುಂದಿನ ಕಿಂಡಿಗೆ ಪೆನ್‌ಡ್ರೈವ್ ಸಿಕ್ಕಿಸಿದೆ, ಏನೂ ಇಲ್ಲ. ತೆಗೆದು ಮತ್ತೆ ಸಿಕ್ಕಿಸಿದೆ, ಊಹೂಂ. ಇಷ್ಟು ಕಾಲ ಮಕ್ಕಳಿಗೆ ಕಂಪ್ಯೂಟರ್ ಕಲಿಸಿದ ಮಹಾನುಭಾವನ ಹಣೆಯಲ್ಲಿ ಬೆವರೊಡೆಯಿತು. ಅಕ್ಕ ಸೆರಗು ಹಿಡಿದು ನಿಂತೇ ಇದ್ದಳು, ನನಗೆ ನಿಜಕ್ಕೂ ಹೆದರಿಕೆಯಾಯಿತು. ಪೆನ್‌ಡ್ರೈವ್ ಕಿತ್ತು ನೋಡಿದರೆ ತುದಿಯೆಲ್ಲ ಬೆಳ್ಳಗೆ! ಪ್ರತಿ ಆಯುಧಪೂಜೆಗೂ ಬಾವ ನೀರಿನಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಲ್ಲಿ ಎಳೆದಿದ್ದು ಸರಿಯಾಗಿ ಆ ಕಿಂಡಿಯ ಮೇಲೆಯೇ. ಅದು ಒಳಗೇ ಗಾರೆಯಾಗಿ ಕೂತಿತ್ತು.

"ಇಬೂತಿ ಹಚ್ಚಿದ್ರೆ ಕೆಡ್ತಾವೇನ್ರಿ ಮೇಷ್ಟ್ರೆ? ಟ್ರ್ಯಾಕ್ಟರಿಗೂ ಹಚ್ತೀನಿ, ಓಡ್ತಾ ಐತಲ್ಲ!" ಎಂದರು ಬಾವ, ಕಿಂಚಿತ್ತೂ ವಿಚಲಿತರಾಗದೆ.

ಬಾವನ ಬೆರಳು ತಲುಪದಿದ್ದದ್ದು ಗೋಡೆಯ ಕಡೆಗಿದ್ದ ಬೆನ್ನನ್ನು ಮಾತ್ರ. ಯಂತ್ರವನ್ನು ತಿರುಗಿಸಿ, ಪೆನ್‌ಡ್ರೈವ್ ಒರೆಸಿ, ಹಿಂದಿನ ಕಿಂಡಿಗೆ ಸಿಕ್ಕಿಸಿದಾಗ ಪರದೆಯ ಮೇಲೆ ನನ್ನ ನಾಲ್ಕು ಊರುಗಳೂ ಮೂಡಿದವು. ಚನ್ನಗಿರಿಯ ಭಾರಕ್ಕೆ ಮುದಿ ಕಂಪ್ಯೂಟರ್ ಕುಸಿಯಿತು. ನ್ಯಾಮತಿ, ಹೊನ್ನಾಳಿಗಳು ಇಷ್ಟು ಹಳೆಯ ಯಂತ್ರದೊಡನೆ ತಮಗೆ ಬಾಳುವೆ ಸಾಧ್ಯವಿಲ್ಲವೆಂದವು. ಉಳಿದದ್ದು ಜಗಳೂರು. ಅದು ಗೊಣಗದೆ ಎದ್ದು, ಒಳಗಿನ ಕಡತಗಳನ್ನೆಲ್ಲ ಕಣ್ಣ ಮುಂದೆ ಹರಡಿತು.

ಹಾಡು ಸಿಕ್ಕಿತು. ಅವ್ವನ ದನಿ ಪಡಸಾಲೆ ತುಂಬಿತು. ಎರಡು ನುಡಿ ಮುಗಿಯುತ್ತಲೇ ಹಾಡು ತಟ್ಟನೆ ನಿಂತು, ಅದೇ ದನಿ ಕೇಳಿತು: "ಸಣ್ಣೋನು ಉಂಡನೇನೇ ಗಿರಿಜಾ? ಬಸ್ಸಿಳಿದು ಬಂದಾನೆ, ಹಸಿದಿರ್ತಾನೆ. ಮೊದ್ಲು ಅವನಿಗೆ ಬಡಿಸು." ಆಮೇಲೆ ಏನೂ ಆಗದವಳಂತೆ ಮೂರನೇ ನುಡಿ ಎತ್ತಿಕೊಂಡಳು.

ಆ ಸಣ್ಣೋನು ನಾನೇ. ಕನ್ನಡಕ ತೆಗೆದು ಒರೆಸುವ ನೆಪ ಮಾಡಿದೆ. ಶಾಸ್ತ್ರಕ್ಕೆ ತೊಡಕಾದೀತೆಂದು, "ಆ ಮಾತಷ್ಟನ್ನ ಕತ್ತರಿಸಿ ಕೊಡ್ಲೇನಕ್ಕ?" ಎಂದೆ.

ಅಕ್ಕ ಮುಖ ತಿರುಗಿಸದೆಯೇ ಹೇಳಿದಳು: "ಹಾಡು ಯಾರು ಬೇಕಾದ್ರೂ ಹಾಡ್ತಾರೆ ಕಣೋ. ಅವ್ವ ಇರೋದು ಅಲ್ಲೇ."

ಮರುದಿನ ಹತ್ತಿರದ ಸೊಕ್ಕೆ ಹಳ್ಳಿಯಿಂದ ಬಂದಿದ್ದ ಹೆಂಗಸರು ಒನಕೆ ಹಿಡಿದು ಅರಿಶಿನ ಕುಟ್ಟುವಾಗ, ಆ ಮಾತು ಬಂದಲ್ಲಿ ಒನಕೆಗಳು ತಾವಾಗಿಯೇ ನಿಂತು, ಮೂರನೇ ನುಡಿಗೆ ಮತ್ತೆ ಎದ್ದವು.

ಹಾಡನ್ನು ಪೆನ್‌ಡ್ರೈವಿಗೂ ನಕಲಿಸಿಕೊಂಡು ಹೊನ್ನಾಳಿಗೆ ಮರಳಿದೆ. ಗೊಂಚಲು ಹಗುರ ಮಾಡುವ ಮಾತೆತ್ತಿದ ಹೆಂಡತಿ, ಪೆನ್‌ಡ್ರೈವಿನ ಸಂದಿಯಲ್ಲಿನ್ನೂ ಅಂಟಿಕೊಂಡಿದ್ದ ವಿಭೂತಿ ನೋಡಿ, ಕೇಳಿ ತಿಳಿದು, ಗೊಂಚಲನ್ನು ತಾನೇ ಮತ್ತೆ ನನ್ನ ಸೊಂಟಕ್ಕೆ ಸಿಕ್ಕಿಸಿದಳು. ಈಗ ಆ ಭಾರ ಸೊಂಟಕ್ಕೆ ತಗಲಿದಾಗ ನಾನೂ ಮೊದಲಿನಂತೆ ಮೌನವಾಗಿರುವುದಿಲ್ಲ; ಉಂಡಿದ್ದೀನಿ ಅವ್ವ, ಅನ್ನುತ್ತೇನೆ.